ದೂರು ಮುಗಿಯಿತೆಂದು ಹೇಳುವವರು ಯಾರು? ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ರಿಪೇರಿ ಆ್ಯಪ್: ಒಂದು ವಿಮರ್ಶೆ

ಪೀಣ್ಯ ಕೈಗಾರಿಕಾ ಪ್ರದೇಶದ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ನಾನು ಕಾರ್ಮಿಕ ಕಲ್ಯಾಣಾಧಿಕಾರಿ. ರಿಪೇರಿ ದೂರುಗಳಿಗಾಗಿ ನಮ್ಮ ಆಡಳಿತ ಮಂಡಳಿ ಕೊಂಡ ಆ್ಯಪ್ ಈಗ ಎಲ್ಲ ಫ್ಲೋರ್‌ಗಳಲ್ಲೂ ಬಳಕೆಯಲ್ಲಿದೆ; ಇದು ಅದರ ವಿಮರ್ಶೆ. ಆ್ಯಪಿನ ಹೆಸರನ್ನಾಗಲಿ ಅದನ್ನು ಮಾರಿದ ಕಂಪನಿಯ ಹೆಸರನ್ನಾಗಲಿ ಹೇಳುತ್ತಿಲ್ಲ. ಮಾರುಕಟ್ಟೆಯಲ್ಲಿರುವ ಈ ಬಗೆಯ ಆ್ಯಪ್‌ಗಳ ಒಳರಚನೆ ಬಹುಮಟ್ಟಿಗೆ ಒಂದೇ ತೆರನಾಗಿರುವುದರಿಂದ, ನಾನು ಮೆಚ್ಚುವ ಗುಣಗಳೂ ಆಕ್ಷೇಪಿಸುವ ದೋಷಗಳೂ ಯಾವುದೋ ಒಂದು ಕಂಪನಿಯ ಸರಕಿಗೆ ಮಾತ್ರ ಸೇರಿದವಲ್ಲ. ಇಂಥ ವಿಮರ್ಶೆಗಳನ್ನು ಸಾಮಾನ್ಯವಾಗಿ ಮೇಂಟೆನೆನ್ಸ್ ವಿಭಾಗದವರೋ ಐಟಿಯವರೋ ಬರೆಯುತ್ತಾರೆ. ಮಷಿನ್ ನಿಂತ ಅವಧಿ ಎಷ್ಟು ತಗ್ಗಿತು, ಬಿಡಿಭಾಗಗಳ ಖರ್ಚು ಎಷ್ಟು ಉಳಿಯಿತು ಎಂಬುದನ್ನು ನೋಡಿ ಅವರು ತೀರ್ಪು ಕೊಡುತ್ತಾರೆ. ನನ್ನ ಮೇಜಿಗೆ ಬರುವ ಕಾಗದಗಳು ಬೇರೆ: ರಜೆ ಚೀಟಿ, ಮೆಮೊ, ರಾಜೀನಾಮೆ ಪತ್ರ, ಡಿಸ್ಪೆನ್ಸರಿ ರಿಜಿಸ್ಟರ್, ಕುಂದುಕೊರತೆ ಸಮಿತಿಯ ನಡಾವಳಿ. ಒಂದು ರಿಪೇರಿಯ ದೂರು ಎಲ್ಲಿಗೆ ಹೋಗುತ್ತದೆ, ಅಲ್ಲಿ ಅದಕ್ಕೆ ಏನಾಗುತ್ತದೆ ಎಂಬುದರ ಗುರುತು ಈ ಎಲ್ಲ ಕಾಗದಗಳ ಮೇಲೂ ಬೀಳುತ್ತದೆ.

ಮೊದಲಿದ್ದ ಏರ್ಪಾಡು ಬಹಳಷ್ಟು ಕಾರ್ಖಾನೆಗಳಲ್ಲಿ ಇಂದಿಗೂ ಇರುವಂಥದ್ದೇ. ಮೇಂಟೆನೆನ್ಸ್ ಕೊಠಡಿಯಲ್ಲಿ ಒಂದು ಬ್ರೇಕ್‌ಡೌನ್ ರಿಜಿಸ್ಟರ್ ಇತ್ತು. ಮಷಿನ್ ನಂಬರ್, ಲೈನ್ ನಂಬರ್, ತೊಂದರೆ, ಮೆಕ್ಯಾನಿಕ್ ಸಹಿ ಎಂದು ಅದರಲ್ಲಿ ಕಾಲಮ್‌ಗಳಿದ್ದವು. ಆದರೆ ನಡೆಯುತ್ತಿದ್ದುದು ಕೂಗುವುದು ಮತ್ತು ಓಡುವುದು. ದಾರ ಪದೇ ಪದೇ ಕಟ್ ಆಗುತ್ತಿದ್ದರೆ ಅಥವಾ ಸ್ಟಿಚ್ ಬಿಡುತ್ತಿದ್ದರೆ ಟೈಲರ್ ಕೈಯೆತ್ತುತ್ತಾಳೆ, ಸೂಪರ್‌ವೈಸರ್ ನೋಡುತ್ತಾರೆ, ಹೆಲ್ಪರ್ ಹುಡುಗಿಯೊಬ್ಬಳನ್ನು ಮೆಕ್ಯಾನಿಕ್ ಹುಡುಕಲು ಅಟ್ಟುತ್ತಾರೆ, ಮೆಕ್ಯಾನಿಕ್ ಇನ್ನೊಂದು ಲೈನಿನಲ್ಲಿ ಮಷಿನ್ ಬಿಚ್ಚಿಕೊಂಡು ಕೂತಿರುತ್ತಾನೆ. ರಿಜಿಸ್ಟರ್ ತುಂಬುತ್ತಿದ್ದುದು ಸಂಜೆ, ನೆನಪಿನಿಂದ. ಆಮೇಲೆ ಬಂದ ವಾಟ್ಸ್‌ಆ್ಯಪ್ ಗುಂಪು ಸ್ವಲ್ಪ ವೇಗ ತಂದಿತಾದರೂ, ಅಲ್ಲಿ ದೂರಿನ ಫೋಟೊ, ಶುಭೋದಯದ ಚಿತ್ರ ಮತ್ತು ಶಿಪ್‌ಮೆಂಟಿನ ಒತ್ತಡದ ಮಾತುಗಳು ಒಂದರ ಮೇಲೊಂದು ಬಿದ್ದು, ಎರಡು ದಿನ ಕಳೆದ ಮೇಲೆ ಯಾವ ದೂರು ಏನಾಯಿತೆಂದು ಯಾರಿಗೂ ಹೇಳಲಾಗುತ್ತಿರಲಿಲ್ಲ.

ಆ್ಯಪಿನ ಕೆಲಸದ ರೀತಿ ಸರಳ. ಪ್ರತಿಯೊಂದು ಮಷಿನಿಗೂ ಕ್ಯೂಆರ್ ಸ್ಟಿಕರ್ ಅಂಟಿಸಲಾಗಿದೆ. ಲೈನ್ ಸೂಪರ್‌ವೈಸರ್ ತಮ್ಮ ಟ್ಯಾಬ್‌ನಲ್ಲಿ ಅದನ್ನು ಸ್ಕ್ಯಾನ್ ಮಾಡಿ, ಪಟ್ಟಿಯಿಂದ ತೊಂದರೆಯನ್ನು ಆರಿಸಿ, ಬೇಕಿದ್ದರೆ ಫೋಟೊ ಸೇರಿಸಿ ಕಳುಹಿಸುತ್ತಾರೆ. ಮೆಕ್ಯಾನಿಕ್‌ನ ಫೋನಿಗೆ ಸೂಚನೆ ಹೋಗುತ್ತದೆ. ಅವನು ಒಪ್ಪಿಕೊಂಡ ಹೊತ್ತು, ಕೆಲಸ ಶುರುಮಾಡಿದ ಹೊತ್ತು, ಮುಗಿಸಿದ ಹೊತ್ತು ತಾನಾಗಿಯೇ ದಾಖಲಾಗುತ್ತದೆ. ನಿಗದಿತ ಸಮಯದೊಳಗೆ ಕೆಲಸ ಮುಗಿಯದಿದ್ದರೆ ಮೇಲಿನ ಅಧಿಕಾರಿಗೆ ಸಂದೇಶ ಹೋಗುತ್ತದೆ. ಕಟ್ಟಡ, ವಿದ್ಯುತ್, ನೀರು, ಶೌಚಾಲಯ, ಕ್ಯಾಂಟೀನ್, ಶಿಶುಪಾಲನಾ ಕೊಠಡಿಗಳ ದೂರಿಗೂ ಇದೇ ದಾರಿ. ತಿಂಗಳ ಕೊನೆಯಲ್ಲಿ ವರದಿ ಬರುತ್ತದೆ.

ಮೊದಲು ಒಳ್ಳೆಯದನ್ನು ಹೇಳುತ್ತೇನೆ, ಏಕೆಂದರೆ ಅದು ನಿಜವಾಗಿಯೂ ದೊಡ್ಡದು. ಗಾರ್ಮೆಂಟ್ಸ್‌ನಲ್ಲಿ ಒಬ್ಬ ಟೈಲರ್‌ನ ದಿನವನ್ನು ನಿಮಿಷಗಳಲ್ಲಿ ಅಳೆಯುತ್ತಾರೆ. ಒಂದು ಆಪರೇಷನ್‌ಗೆ 0.80 ನಿಮಿಷದ ಎಸ್‌ಎಎಂ, ಅಂದರೆ ಒಂದು ಪೀಸಿಗೆ ನಿಗದಿಯಾದ ಸಮಯ, ಇದ್ದರೆ ನೂರಕ್ಕೆ ನೂರು ದಕ್ಷತೆಯಲ್ಲಿ ಗಂಟೆಗೆ 75 ಪೀಸ್, 60 ಪ್ರತಿಶತ ದಕ್ಷತೆಯಲ್ಲಿ 45 ಪೀಸ್ ಆಗಬೇಕು. 60 ಪ್ರತಿಶತದಲ್ಲಿ ಹೊಲಿಯುವವಳ ಮಷಿನ್ 40 ನಿಮಿಷ ನಿಂತರೆ ಆ ದಿನ 30 ಪೀಸ್ ಕಡಿಮೆ. ಈ 30 ಪೀಸಿನ ಕೊರತೆ ಯಾರದು ಎಂಬ ಪ್ರಶ್ನೆಯೇ ಫ್ಲೋರ್‌ನಲ್ಲಿ ನಡೆಯುವ ಜಗಳಗಳಲ್ಲಿ ಬಹುಪಾಲಿಗೆ ಮೂಲ. ಮಷಿನ್ ನಿಂತ ಸಮಯವನ್ನು ಕಳೆದು ದಕ್ಷತೆ ಲೆಕ್ಕ ಹಾಕಬೇಕೆಂಬುದು ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ವಿಭಾಗದ ನಿಯಮವೇ ಆಗಿದ್ದರೂ, ಸಮಯಕ್ಕೆ ದಾಖಲೆಯಿಲ್ಲದಿದ್ದಾಗ ಆ ನಿಯಮ ಟೈಲರ್‌ನ ನೆರವಿಗೆ ಬರುತ್ತಿರಲಿಲ್ಲ. ಸಂಜೆ ಟಾರ್ಗೆಟ್ ಬಂದಿಲ್ಲವೆಂದು ಬೈಗುಳ ಬೀಳುವ ಹೊತ್ತಿಗೆ ಮೆಕ್ಯಾನಿಕ್ ‘ಐದೇ ನಿಮಿಷ’ ಎನ್ನುತ್ತಿದ್ದ, ಸೂಪರ್‌ವೈಸರ್ ‘ಹತ್ತು ನಿಮಿಷ ಇರಬಹುದು’ ಎನ್ನುತ್ತಿದ್ದರು, ಟೈಲರ್‌ನ ಮಾತಿಗೆ ಸಾಕ್ಷಿ ಇರುತ್ತಿರಲಿಲ್ಲ.

ಆ್ಯಪ್ ಬಂದ ಮೇಲೆ ಈ ಸಾಕ್ಷಿ ಸಿಕ್ಕಿದೆ. ಓವರ್‌ಲಾಕ್ ಮಷಿನಿನಲ್ಲಿ ಕೆಲಸ ಮಾಡುವ ಹಿರಿಯ ಟೈಲರ್ ಒಬ್ಬರು ಒಂದು ಮಧ್ಯಾಹ್ನ ಮೆಮೊ ಕಾಗದವನ್ನು ಹಿಡಿದುಕೊಂಡು ನನ್ನ ಕೊಠಡಿಗೆ ಬಂದರು. ‘ಮೇಡಂ, ಸಹಿ ಹಾಕು ಅಂತಾರೆ, ನಾನು ಹಾಕಲ್ಲ. ನನ್ನ ಮಷಿನ್ ಎಷ್ಟು ಹೊತ್ತು ನಿಂತಿತ್ತು ಅಂತ ಟ್ಯಾಬಲ್ಲಿ ಇದೆ, ನೀವೇ ತೆಗೆದು ನೋಡಿ’ ಎಂದರು. ತೆಗೆದು ನೋಡಿದೆವು, ದಾರವನ್ನು ಕುಣಿಕೆ ಹಾಕುವ ಲೂಪರ್ ಎಂಬ ಭಾಗವನ್ನು ಬದಲಿಸಲು ಬಿಡಿಭಾಗ ಇಲ್ಲದೆ ಮಷಿನ್ ಊಟದ ಹೊತ್ತಿನವರೆಗೂ ನಿಂತಿತ್ತು. ಮೆಮೊ ಹಿಂದೆ ಹೋಯಿತು. ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಆಮೇಲೆ ಪ್ರೊಡಕ್ಷನ್ ಸಭೆಯಲ್ಲಿ ಚರ್ಚೆಯಾದದ್ದು ಆಕೆಯ ವೇಗದ ಬಗ್ಗೆ ಅಲ್ಲ, ಲೂಪರ್ ಸ್ಟಾಕ್ ಏಕೆ ಇರಲಿಲ್ಲ ಎಂಬುದರ ಬಗ್ಗೆ. ಬೈಯುವುದಕ್ಕೆ ಬದಲಾಗಿ ವಿಚಾರಿಸುವ ಅಭ್ಯಾಸವನ್ನು ನನ್ನ ಯಾವ ತರಬೇತಿ ಕಾರ್ಯಕ್ರಮವೂ ಸೂಪರ್‌ವೈಸರ್‌ಗಳಲ್ಲಿ ಇಷ್ಟು ಬೇಗ ಮೂಡಿಸಿರಲಿಲ್ಲ. ಈ ಒಂದು ಕಾರಣಕ್ಕಾಗಿಯೇ ಹಳೆಯ ರಿಜಿಸ್ಟರ್‌ಗೆ ಹಿಂದಿರುಗಬೇಕೆಂದು ನಾನು ಎಂದೂ ಹೇಳುವುದಿಲ್ಲ.

ಆದರೆ ಈ ಲಾಭ ದೊರಕಿದ್ದು ಮಷಿನಿನ ದೂರುಗಳಲ್ಲಿ. ಮಷಿನ್ ನಿಂತರೆ ಕಾರ್ಖಾನೆಗೇ ನಷ್ಟ, ಆದ್ದರಿಂದ ಆ ದೂರನ್ನು ಕೂಡಲೇ ದಾಖಲಿಸುವ ಆತುರ ಸೂಪರ್‌ವೈಸರ್‌ಗೇ ಇರುತ್ತದೆ. ಮನುಷ್ಯರಿಗೆ ಬೇಕಾದ ರಿಪೇರಿಗಳ ವಿಷಯಕ್ಕೆ ಬಂದಾಗ ಇದೇ ಆ್ಯಪ್ ಬೇರೆಯೇ ರೀತಿಯಲ್ಲಿ ನಡೆದುಕೊಳ್ಳುತ್ತದೆ.

ಮೊದಲ ತೊಡಕು, ದೂರು ಕೊಡಲು ಯಾರಿಗೆ ಸಾಧ್ಯ ಎಂಬುದು. ಆ್ಯಪ್ ಕಟ್ಟಿದವರ ಮನಸ್ಸಿನಲ್ಲಿದ್ದುದು ಪ್ರತಿಯೊಬ್ಬ ಉದ್ಯೋಗಿಗೂ ಇಮೇಲ್ ವಿಳಾಸವಿರುವ, ಪ್ರತಿಯೊಬ್ಬರ ಕೈಯಲ್ಲೂ ಫೋನ್ ಇರುವ ಕಚೇರಿ. ಗಾರ್ಮೆಂಟ್ಸ್ ಫ್ಲೋರ್‌ನಲ್ಲಿ ಟೈಲರ್‌ಗಳು ಫೋನನ್ನು ಲಾಕರ್‌ನಲ್ಲಿಟ್ಟು ಬರುತ್ತಾರೆ. ಲೈಸೆನ್ಸ್ ಶುಲ್ಕ ತಿಂಗಳಿಗೆ ಬಳಕೆದಾರರೊಬ್ಬರಿಗೆ ಇಷ್ಟು ಎಂಬ ಲೆಕ್ಕದಲ್ಲಿರುವುದರಿಂದ ಲಾಗಿನ್ ಸಿಕ್ಕಿದ್ದು ಸೂಪರ್‌ವೈಸರ್‌ಗಳಿಗೆ ಮತ್ತು ಅವರ ಮೇಲಿನವರಿಗೆ ಮಾತ್ರ. ದೂರು ಕೊಡುವವರನ್ನು ಉಚಿತವಾಗಿಟ್ಟು ರಿಪೇರಿ ಮಾಡುವವರ ಲೆಕ್ಕದಲ್ಲಿ ಮಾತ್ರ ಶುಲ್ಕ ಪಡೆಯುವ ಆ್ಯಪ್‌ಗಳೂ ಮಾರುಕಟ್ಟೆಯಲ್ಲಿವೆ. ಕೊಳ್ಳುವವರು ಇದನ್ನು ಮೊದಲೇ ಕೇಳಿ ತಿಳಿಯಬೇಕು. ನಮ್ಮಲ್ಲಿ ಆದ ಪರಿಣಾಮವೇನೆಂದರೆ, ಲೈನಿನ ಮೇಲಿನ ಫ್ಯಾನ್ ತಿರುಗುತ್ತಿಲ್ಲವೆಂದೋ ಕುಡಿಯುವ ನೀರಿನ ನಲ್ಲಿಯಲ್ಲಿ ಬಿಸಿನೀರು ಬರುತ್ತಿದೆಯೆಂದೋ ಹೇಳಬೇಕಾದ ಟೈಲರ್ ಸೂಪರ್‌ವೈಸರ್‌ನನ್ನು ಕೇಳಿಕೊಳ್ಳಬೇಕು. ಟಾರ್ಗೆಟ್ಟಿನ ಒತ್ತಡದಲ್ಲಿರುವ ಆತ ‘ಆಮೇಲೆ ಹಾಕೋಣಮ್ಮ’ ಎನ್ನುತ್ತಾನೆ. ಆ ‘ಆಮೇಲೆ’ ಎಂಬುದಕ್ಕೆ ಯಾವ ದಾಖಲೆಯೂ ಇರುವುದಿಲ್ಲ. ಹಳೆಯ ರಿಜಿಸ್ಟರ್‌ನಲ್ಲಾದರೆ ಕ್ಯಾಂಟೀನಿಗೆ ಹೋಗುವ ದಾರಿಯಲ್ಲಿ ಯಾರು ಬೇಕಾದರೂ ಒಂದು ಸಾಲು ಬರೆಯಬಹುದಾಗಿತ್ತು.

ಹೌಸ್‌ಕೀಪಿಂಗ್ ಮತ್ತು ಸೆಕ್ಯೂರಿಟಿ ಸಿಬ್ಬಂದಿಯ ಸ್ಥಿತಿ ಇನ್ನೂ ಕಷ್ಟದ್ದು, ಏಕೆಂದರೆ ಅವರು ಗುತ್ತಿಗೆದಾರರ ಮೂಲಕ ಬಂದವರು. ಆ್ಯಪಿನ ಉದ್ಯೋಗಿ ಪಟ್ಟಿಯಲ್ಲಿ ಅವರ ಹೆಸರೇ ಇಲ್ಲ. ಒಡೆದ ಪೈಪು, ಜಾರುವ ನೆಲ, ಸ್ಪಾರ್ಕ್ ಬರುವ ಸ್ವಿಚ್ಚು ಮೊದಲು ಕಾಣುವುದು ಇವರ ಕಣ್ಣಿಗೇ. ಗುತ್ತಿಗೆದಾರ ಒದಗಿಸದ ಸೌಲಭ್ಯವನ್ನು ಪ್ರಧಾನ ಮಾಲೀಕನೇ ಒದಗಿಸಬೇಕೆಂದು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯೇ ಹೇಳಿತ್ತು. 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ ಆ ಹೊಣೆಯನ್ನು ನೇರವಾಗಿ ಪ್ರಧಾನ ಮಾಲೀಕನ ಮೇಲೆಯೇ ಇಟ್ಟಿದೆ. ಅದೇ ಸಂಹಿತೆ ಅಪಾಯಕರ ಸ್ಥಿತಿಯನ್ನು ಕಂಡ ಕೆಲಸಗಾರ ಅದನ್ನು ತಡಮಾಡದೆ ವರದಿ ಮಾಡುವುದನ್ನು ಅವನ ಕರ್ತವ್ಯಗಳಲ್ಲಿ ಒಂದೆಂದು ಎಣಿಸುತ್ತದೆ. ಕರ್ತವ್ಯವನ್ನು ಕಾರ್ಮಿಕರಿಗೆ ಕೊಟ್ಟು ಅದನ್ನು ನಡೆಸುವ ಸಾಧನವನ್ನು ಸೂಪರ್‌ವೈಸರ್ ಕೈಯಲ್ಲಿ ಮಾತ್ರ ಇಡುವುದು ನ್ಯಾಯವೂ ಅಲ್ಲ, ಕಾರ್ಖಾನೆಗೆ ಕ್ಷೇಮವೂ ಅಲ್ಲ.

ಎರಡನೆಯ ತೊಡಕು ಆದ್ಯತೆಯ ಪಟ್ಟಿ. ಆ್ಯಪ್ ಬಂದಾಗ ಅದರೊಳಗೆ ಮೊದಲೇ ತುಂಬಿದ್ದ ಪಟ್ಟಿಯ ಪ್ರಕಾರ ಮಷಿನ್ ನಿಲುಗಡೆ, ಬಾಯ್ಲರ್, ಕಂಪ್ರೆಸರ್, ಜನರೇಟರ್ ಇವು ‘ತುರ್ತು’. ಬಾಗಿಲು, ಚಿಲಕ, ನಲ್ಲಿ, ಬಲ್ಬು ಇವು ‘ಸಾಮಾನ್ಯ’, ಅವುಗಳಿಗೆ ಮೂರು ದಿನದ ಗಡುವು. ಮಹಿಳೆಯರ ಶೌಚಾಲಯದ ಒಂದು ಬಾಗಿಲಿನ ಚಿಲಕ ಮುರಿದಿದೆ ಎಂಬ ದೂರು ಹೀಗೆ ‘ಬಡಗಿ ಕೆಲಸ, ಸಾಮಾನ್ಯ’ ಎಂಬ ವಿಭಾಗಕ್ಕೆ ಹೋಗಿ ಕುಳಿತಿತು. ಮೂರು ದಿನದೊಳಗೆ ಸರಿಯಾದರೆ ವರದಿಯಲ್ಲಿ ಅದು ಹಸಿರು. ಆ ಮೂರು ದಿನಗಳಲ್ಲಿ ಏನಾಗುತ್ತದೆ ಎಂಬುದು ವರದಿಯಲ್ಲಿ ಕಾಣುವುದಿಲ್ಲ. ಚಿಲಕವಿಲ್ಲದ ಶೌಚಾಲಯಕ್ಕೆ ಹೆಣ್ಣುಮಕ್ಕಳು ಒಬ್ಬರೇ ಹೋಗುವುದಿಲ್ಲ. ಬಾಗಿಲು ಹಿಡಿದು ನಿಲ್ಲಲು ಜೊತೆಗೊಬ್ಬರನ್ನು ಕರೆದೊಯ್ಯುತ್ತಾರೆ. ಇಬ್ಬರು ಒಟ್ಟಿಗೆ ಎದ್ದರೆ ಲೈನ್ ನಿಲ್ಲುತ್ತದೆಂದು ಸೂಪರ್‌ವೈಸರ್ ಗದರುತ್ತಾರೆ. ಗದರಿಸಿಕೊಳ್ಳುವುದು ಬೇಡವೆಂದು ಹಲವರು ಬೆಳಗಿನಿಂದ ನೀರು ಕುಡಿಯುವುದನ್ನೇ ಬಿಡುತ್ತಾರೆ. ಉರಿಮೂತ್ರ, ತಲೆಸುತ್ತು, ಹೊಟ್ಟೆನೋವು ಎಂದು ಡಿಸ್ಪೆನ್ಸರಿ ರಿಜಿಸ್ಟರ್‌ನಲ್ಲಿ ಹೆಸರುಗಳು ಕಾಣಿಸತೊಡಗುತ್ತವೆ, ಅಲ್ಲಿಂದ ಇಎಸ್‌ಐ ಆಸ್ಪತ್ರೆ, ಅಲ್ಲಿಂದ ರಜೆ.

ಈ ಸರಪಳಿಯನ್ನು ಎಚ್‌ಆರ್ ವಿಭಾಗದ ಪ್ರತಿಯೊಬ್ಬರೂ ಬಲ್ಲರು, ಆದರೆ ಅದರ ಎರಡು ತುದಿಗಳು ಬೇರೆ ಬೇರೆ ವಿಭಾಗಗಳ ಕಡತದಲ್ಲಿ ಇರುವುದರಿಂದ ಅವು ಒಂದೆಡೆ ಸೇರುವುದಿಲ್ಲ. ನಾನು ಡಿಸ್ಪೆನ್ಸರಿ ರಿಜಿಸ್ಟರ್ ಮತ್ತು ಆ್ಯಪಿನ ಶೌಚಾಲಯ, ನೀರು, ಫ್ಯಾನ್‌ಗಳ ದೂರುಪಟ್ಟಿಯನ್ನು ಪಕ್ಕಪಕ್ಕದಲ್ಲಿಟ್ಟು, ಫ್ಲೋರ್ ಮತ್ತು ದಿನಾಂಕಗಳನ್ನು ಹೊಂದಿಸಿ ನೋಡುವ ಪದ್ಧತಿಯನ್ನು ಇಟ್ಟುಕೊಂಡಿದ್ದೇನೆ. ಬೇರೆ ಕಲ್ಯಾಣಾಧಿಕಾರಿಗಳಿಗೂ ಇದನ್ನೇ ಹೇಳುತ್ತೇನೆ. ಇದರಿಂದ ವೈಜ್ಞಾನಿಕ ಅಧ್ಯಯನವೇನೂ ಆಗುವುದಿಲ್ಲ, ಆದರೆ ಆಡಳಿತದ ಮುಂದೆ ಒಂದು ಚಿಲಕದ ದರವನ್ನೂ ಕಳೆದುಹೋದ ಕೆಲಸದ ದಿನಗಳನ್ನೂ ಒಂದೇ ಹಾಳೆಯಲ್ಲಿ ಇಡಲು ಆಗುತ್ತದೆ. ಆ್ಯಪ್ ಈ ಕೆಲಸವನ್ನು ತಾನೇ ಮಾಡಿಕೊಡಬಹುದಾಗಿತ್ತು. ಹೊರಗಿನ ದಾಖಲೆಯೊಂದಿಗೆ ಅದನ್ನು ಜೋಡಿಸುವ ಸೌಲಭ್ಯಕ್ಕೆ ಕಂಪನಿ ಪ್ರತ್ಯೇಕ ಶುಲ್ಕ ಕೇಳಿತು.

ಆದ್ಯತೆಯ ಪಟ್ಟಿಯನ್ನು ಬದಲಿಸಲು ಸಾಧ್ಯವಿದೆ ಎಂಬುದು ಆ್ಯಪಿನ ಪರವಾಗಿ ಹೇಳಬೇಕಾದ ಮಾತು. ಬದಲಿಸುವಾಗ ನಾವು ಕಾನೂನನ್ನೇ ಆಧಾರವಾಗಿಟ್ಟುಕೊಂಡೆವು. 1948ರ ಕಾರ್ಖಾನೆಗಳ ಕಾಯ್ದೆಯ 18ನೆಯ ಕಲಮು ಕುಡಿಯುವ ನೀರಿನ ತಾಣವು ಶೌಚಾಲಯ, ತೊಳೆಯುವ ಜಾಗಗಳಿಂದ ಆರು ಮೀಟರ್ ದೂರವಿರಬೇಕೆಂದೂ, ಹೆಚ್ಚಿನ ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲಿ ಅಲ್ಲಿ ಫಲಕ ಇರಬೇಕೆಂದೂ, 250ಕ್ಕಿಂತ ಹೆಚ್ಚು ಜನರಿರುವಲ್ಲಿ ಬೇಸಿಗೆಯಲ್ಲಿ ತಣ್ಣೀರು ಸಿಗಬೇಕೆಂದೂ ಹೇಳಿತ್ತು. 19ನೆಯ ಕಲಮು ಗಂಡಸರಿಗೂ ಹೆಂಗಸರಿಗೂ ಪ್ರತ್ಯೇಕವಾದ, ಮರೆಯುಳ್ಳ, ಗಾಳಿಬೆಳಕಿರುವ ಶೌಚಾಲಯ ಬೇಕೆಂದಿತ್ತು. ಕಾಯ್ದೆಗಳು ಈಗ ಸಂಹಿತೆಗಳ ರೂಪ ತಾಳಿದ್ದರೂ ಈ ಕನಿಷ್ಠ ಅಗತ್ಯಗಳು ಅಗತ್ಯಗಳಾಗಿಯೇ ಉಳಿದಿವೆ. ಚಿಲಕವಿಲ್ಲದ ಬಾಗಿಲು ಮರೆಯಲ್ಲ. ಆದ್ದರಿಂದ ಶೌಚಾಲಯದ ಚಿಲಕ, ನೀರು, ಬೆಳಕು ಇವನ್ನು ಅದೇ ಪಾಳಿಯೊಳಗೆ ಮುಗಿಯಬೇಕಾದ ವರ್ಗಕ್ಕೆ ಸೇರಿಸಿದೆವು. ಮಷಿನಿನ ನೀಡಲ್ ಗಾರ್ಡ್, ಐ ಗಾರ್ಡ್, ಬೆಲ್ಟ್ ಗಾರ್ಡ್ ಇಲ್ಲದಿರುವುದನ್ನೂ ‘ಮಷಿನ್ ಓಡುತ್ತಿದೆ, ತೊಂದರೆಯಿಲ್ಲ’ ಎಂದು ಕೆಳಗಿಟ್ಟಿದ್ದರು. ಸೂಜಿ ಬೆರಳಿಗೆ ಚುಚ್ಚುವ ಅಪಘಾತ ನಮ್ಮ ಉದ್ಯಮದಲ್ಲಿ ಎಷ್ಟು ಸಾಮಾನ್ಯವೆಂಬುದನ್ನು ಬಲ್ಲವರು ಅದನ್ನು ತುರ್ತಿನಲ್ಲೇ ಇಡುತ್ತಾರೆ.

ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದಿ ಈ ವೃತ್ತಿಗೆ ಬಂದವರೆಲ್ಲರೂ ಅಮೆರಿಕದ ಮನಃಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ 1959ರಲ್ಲಿ ಮಂಡಿಸಿದ ವಾದವನ್ನು ಪರೀಕ್ಷೆಗಾಗಿಯಾದರೂ ಓದಿರುತ್ತಾರೆ. ಕೆಲಸದ ಸ್ಥಳದ ಸೌಕರ್ಯ ಚೆನ್ನಾಗಿದ್ದ ಮಾತ್ರಕ್ಕೆ ಯಾರಿಗೂ ಕೆಲಸದಲ್ಲಿ ಹುರುಪು ಬರುವುದಿಲ್ಲ, ಆದರೆ ಅದು ಕೆಟ್ಟಾಗ ಅತೃಪ್ತಿ ಬರುವುದು ಖಂಡಿತ ಎಂಬುದು ಆ ವಾದದ ತಿರುಳು. ನಿರ್ಗಮನ ಸಂದರ್ಶನಗಳಲ್ಲಿ ನಾನು ಕೇಳುವುದು ಇದಕ್ಕೆ ಹತ್ತಿರವಾದದ್ದು. ಕೆಲಸ ಬಿಟ್ಟು ಹೋಗುವ ಟೈಲರ್ ಕಾರಣದ ಕಾಲಮ್‌ನಲ್ಲಿ ‘ಸ್ವಂತ ಕಾರಣ’ ಎಂದು ಬರೆಸುತ್ತಾಳೆ. ಸ್ವಲ್ಪ ಹೊತ್ತು ಕುಳ್ಳಿರಿಸಿ ಮಾತನಾಡಿಸಿದರೆ ಫ್ಯಾನಿನ ಮಾತು, ಶೌಚಾಲಯದ ಮಾತು, ‘ಎಷ್ಟು ಸಲ ಹೇಳೋದು ಮೇಡಂ’ ಎಂಬ ಮಾತು ಹೊರಬರುತ್ತವೆ. ಸಂಬಳದ ಮಾತೂ ಬರುತ್ತದೆ, ಅದನ್ನು ಮರೆಮಾಚಲಾರೆ. ಆದರೂ ಹೇಳಿದ ಮಾತಿಗೆ ಬೆಲೆಯಿಲ್ಲವೆಂಬ ನೋವು ಕೆಟ್ಟ ಫ್ಯಾನಿಗಿಂತ ಹೆಚ್ಚು ಜನರನ್ನು ಗೇಟಿನಿಂದ ಆಚೆಗೆ ಕಳುಹಿಸುತ್ತದೆ ಎಂದು ನಾನು ಬಲವಾಗಿ ನಂಬಿದ್ದೇನೆ.

ಆ ನೋವಿನ ಮೂಲವನ್ನು ಹುಡುಕುತ್ತಾ ಹೋದರೆ ನಾವು ಸೇರುವುದು ಈ ಆ್ಯಪಿನ ಅತಿ ದೊಡ್ಡ ದೋಷಕ್ಕೆ: ದೂರನ್ನು ಮುಚ್ಚುವ ಅಧಿಕಾರ ಇರುವುದು ರಿಪೇರಿ ಮಾಡಿದವನಿಗೆ ಮಾತ್ರ. ಅವನು ‘ಮುಗಿದಿದೆ’ ಎಂಬ ಗುಂಡಿಯನ್ನು ಒತ್ತಿದ ಕ್ಷಣ ಗಡಿಯಾರ ನಿಲ್ಲುತ್ತದೆ, ಸಾಲು ಹಸಿರಾಗುತ್ತದೆ. ಫ್ಯಾನ್ ನಿಜಕ್ಕೂ ತಿರುಗುತ್ತಿದೆಯೇ ಎಂದು ಅದರ ಕೆಳಗೆ ಕುಳಿತವಳನ್ನು ಯಾರೂ ಕೇಳುವುದಿಲ್ಲ. ಫ್ಯಾನ್ ಮರುದಿನ ಮತ್ತೆ ನಿಂತರೆ ಹಳೆಯ ದೂರನ್ನು ಪುನಃ ತೆರೆಯುವ ಅವಕಾಶವಿರಲಿಲ್ಲ. ಹೊಸ ಸಂಖ್ಯೆಯ ಹೊಸ ದೂರನ್ನೇ ಹಾಕಬೇಕಿತ್ತು. ಹೀಗಾಗಿ ಕಂಡೆನ್ಸರ್ ಬದಲಿಸಬೇಕಾದ ಒಂದು ಫ್ಯಾನ್, ಕೋಲಿನಿಂದ ತಿರುಗಿಸಿ ಚಾಲನೆ ಕೊಟ್ಟ ಪ್ರತಿ ಸಲವೂ, ವರದಿಯಲ್ಲಿ ಸಕಾಲಕ್ಕೆ ಬಗೆಹರಿದ ಮತ್ತೊಂದು ದೂರಾಗಿ ಎಣಿಕೆಯಾಯಿತು. ಒಂದೇ ತೊಂದರೆ ಹೆಚ್ಚು ಸಲ ಮರಳಿ ಬಂದಷ್ಟೂ ವಿಭಾಗದ ಸಾಧನೆಯ ಅಂಕ ಏರುವ ಲೆಕ್ಕ ಇದು. ಮಷಿನಿಗಾದರೆ ಕ್ಯೂಆರ್ ಸ್ಟಿಕರ್ ಇರುವುದರಿಂದ ಅದರ ಹಿಂದಿನ ರೋಗವೆಲ್ಲ ಒಂದೆಡೆ ಕಾಣುತ್ತದೆ. ಫ್ಯಾನು, ನಲ್ಲಿ, ಬಾಗಿಲುಗಳಿಗೆ ಯಾರೂ ನಂಬರ್ ಕೊಟ್ಟಿರಲಿಲ್ಲ, ಆದ್ದರಿಂದ ಅವುಗಳಿಗೆ ಚರಿತ್ರೆಯೇ ಇರಲಿಲ್ಲ. ಕುಂದುಕೊರತೆ ಸಮಿತಿಯ ಸಭೆಯಲ್ಲಿ ಕಾರ್ಮಿಕ ಪ್ರತಿನಿಧಿಗಳು ಫ್ಯಾನಿನ ವಿಷಯ ಎತ್ತಿದಾಗ ಮೇಂಟೆನೆನ್ಸ್ ಕಡೆಯಿಂದ ನೂರಕ್ಕೆ ನೂರು ದೂರುಗಳು ಮುಗಿದಿವೆ ಎಂಬ ಹಾಳೆ ಬರುತ್ತಿತ್ತು. ಸೆಕೆಯಲ್ಲಿ ಕುಳಿತು ಬಂದವರ ಎದುರಿಗೆ ಆ ಹಾಳೆಯನ್ನು ಇಡುವುದು ಅವರನ್ನು ಸುಳ್ಳುಗಾರರೆಂದು ಕರೆದಷ್ಟೇ ಕಠೋರವಾದದ್ದು.

ಇಷ್ಟು ಹೇಳಿದ ಮೇಲೆ ಮೆಕ್ಯಾನಿಕ್ ಮತ್ತು ಎಲೆಕ್ಟ್ರಿಷಿಯನ್‌ಗಳ ಪರವಾಗಿ ಮಾತನಾಡದಿದ್ದರೆ ಅನ್ಯಾಯವಾಗುತ್ತದೆ, ಅವರೂ ನಾನು ನೋಡಿಕೊಳ್ಳಬೇಕಾದ ಉದ್ಯೋಗಿಗಳೇ. ಅವರು ಗುಂಡಿಯನ್ನು ಬೇಗ ಒತ್ತುವುದು ಸೋಮಾರಿತನದಿಂದಲ್ಲ. ಆ್ಯಪ್ ಅವರನ್ನು ಅಳೆಯುವುದು ಆ ಗುಂಡಿಯಿಂದಲೇ. ಬಿಡಿಭಾಗ ಬರದಿದ್ದರೂ ಅವರ ಹೆಸರಿನ ಮುಂದೆ ಗಡಿಯಾರ ಓಡುತ್ತಲೇ ಇರುತ್ತದೆ. ಭಾನುವಾರ ಬಂದು ಇಡೀ ಲೈನಿನ ಮಷಿನ್‌ಗಳಿಗೆ ಎಣ್ಣೆ ಬದಲಿಸಿ, ಬೆಲ್ಟ್ ಬಿಗಿಮಾಡಿ, ಅರ್ಥಿಂಗ್ ಪರೀಕ್ಷಿಸಿ ಹೋದ ಮೆಕ್ಯಾನಿಕ್‌ನ ಕೆಲಸ ಆ್ಯಪಿನಲ್ಲಿ ಶೂನ್ಯ, ಏಕೆಂದರೆ ಅದಕ್ಕೆ ಯಾರೂ ದೂರು ಕೊಟ್ಟಿರಲಿಲ್ಲ. ಅವನ ಮುನ್ನೆಚ್ಚರಿಕೆಯಿಂದ ದೂರುಗಳೇ ಕಡಿಮೆಯಾದರೆ ಅವನ ಅಂಕವೂ ಕಡಿಮೆ. ಇದಕ್ಕೆ ಜೊತೆಯಾಗಿ ಐದು ನಕ್ಷತ್ರಗಳ ರೇಟಿಂಗ್ ಒಂದಿದೆ. ಸೂಪರ್‌ವೈಸರ್ ಒತ್ತಡದಲ್ಲಿದ್ದ ದಿನ ಒಂದು ನಕ್ಷತ್ರ, ನೆಮ್ಮದಿಯಲ್ಲಿದ್ದ ದಿನ ಐದು. ವಾರ್ಷಿಕ ಇಂಕ್ರಿಮೆಂಟಿನ ಹೊತ್ತಿಗೆ ಈ ನಕ್ಷತ್ರಗಳ ಸರಾಸರಿಯನ್ನು ಆಧಾರ ಮಾಡಿಕೊಳ್ಳೋಣ ಎಂಬ ಸಲಹೆ ಬಂದಾಗ ನಾನು ಒಪ್ಪಲಿಲ್ಲ. ವಿದ್ಯುತ್ ಪ್ಯಾನೆಲ್‌ನಲ್ಲಿ ಕೆಲಸ ಮಾಡುವವನು ಮೊದಲು ಸಪ್ಲೈ ಆಫ್ ಮಾಡಿ, ಬೀಗ ಹಾಕಿ, ಟ್ಯಾಗ್ ತೂಗುಹಾಕಿ, ಟೆಸ್ಟರ್ ಹಿಡಿದು ನೋಡಿದ ಮೇಲೆಯೇ ಕೈಯಿಡಬೇಕು. ಅದಕ್ಕೆ ಹಿಡಿಯುವ ನಿಮಿಷಗಳನ್ನು ವಿಳಂಬವೆಂದು ಎಣಿಸಿ ಸಂಬಳಕ್ಕೆ ಜೋಡಿಸಿದರೆ ಆ ಹೆಜ್ಜೆಗಳನ್ನು ಬಿಟ್ಟುಬಿಡು ಎಂದು ನಾವೇ ಹೇಳಿದಂತಾಗುತ್ತದೆ.

ಎಚ್‌ಆರ್‌ನವರ ಪರದೆಯ ಮೇಲೆ ಮಾತ್ರ ಕಾಣುವ ಇನ್ನೊಂದು ವರದಿಯಿದೆ: ಯಾವ ಲೈನಿನಿಂದ, ಯಾರ ಹೆಸರಿನಿಂದ ಅತಿ ಹೆಚ್ಚು ದೂರುಗಳು ಬಂದಿವೆ ಎಂಬುದು. ಮಾರಾಟದವರು ಇದನ್ನು ಹೆಮ್ಮೆಯಿಂದ ತೋರಿಸಿದರು. ಇದು ಅಪಾಯದ ಸೌಲಭ್ಯ ಎಂದೇ ನನ್ನ ಅಭಿಪ್ರಾಯ. ಹೆಚ್ಚು ದೂರು ಕೊಡುವ ಲೈನ್ ಎಂದರೆ ಹಳೆಯ ಮಷಿನ್‌ಗಳಿರುವ ಲೈನ್ ಆಗಿರಬಹುದು, ಅಥವಾ ಧೈರ್ಯವಾಗಿ ಮಾತನಾಡುವ ಒಬ್ಬಳು ಅಲ್ಲಿರಬಹುದು; ಆ ಪಟ್ಟಿ ತಪ್ಪು ಕೈಗೆ ಸಿಕ್ಕರೆ ಮೊದಲು ಸುಮ್ಮನಾಗುವವಳು ಅವಳೇ. ದೂರೇ ಬರದ ಲೈನ್ ಬಗ್ಗೆ ನನಗೆ ಹೆಚ್ಚು ಚಿಂತೆಯಾಗುತ್ತದೆ. ನಾನು ಹೆಸರಿನ ಕಾಲಮ್ಮನ್ನು ಆ ವರದಿಯಿಂದ ತೆಗೆಸಿದ್ದೇನೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಬಂದಿರುವ ಈ ಕಾಲದಲ್ಲಿ, ಬೇರೊಂದು ಉದ್ದೇಶಕ್ಕೆ ಕೊಟ್ಟ ಮಾಹಿತಿಯನ್ನು ನೌಕರರ ನಡತೆ ಅಳೆಯಲು ಬಳಸಬಾರದೆಂದು ಆಡಳಿತಕ್ಕೆ ತಿಳಿಸುವುದು ಕಷ್ಟವಾಗಲಿಲ್ಲ.

ಗಾರ್ಮೆಂಟ್ಸ್ ಉದ್ಯಮದಲ್ಲಿರುವ ಯಾರೂ ಕಟ್ಟಡದ ದೂರುಗಳನ್ನು ಸಣ್ಣ ವಿಷಯವೆಂದು ಎಣಿಸಲಾಗದಂತೆ ಮಾಡಿದ್ದು ಬಾಂಗ್ಲಾದೇಶದ ರಾಣಾ ಪ್ಲಾಜಾ. ಢಾಕಾ ಸಮೀಪದ ಸಾವರ್‌ನಲ್ಲಿದ್ದ ಆ ಕಟ್ಟಡದಲ್ಲಿ 2013ರ ಏಪ್ರಿಲ್ 23ರಂದು ಬಿರುಕುಗಳು ಕಂಡವು. ಕೆಳಗಿನ ಮಹಡಿಯ ಬ್ಯಾಂಕು, ಅಂಗಡಿಗಳು ಮುಚ್ಚಿದವು. ಮೇಲಿನ ಮಹಡಿಗಳ ಗಾರ್ಮೆಂಟ್ಸ್ ಕಾರ್ಮಿಕರನ್ನು ಮರುದಿನ ಒಳಗೆ ಕರೆಸಲಾಯಿತು. 24ರ ಬೆಳಿಗ್ಗೆ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಬಿರುಕನ್ನು ಕಾರ್ಮಿಕರು ಕಣ್ಣಾರೆ ಕಂಡಿದ್ದರು. ಅವರ ಮಾತಿಗೆ ಕೆಲಸವನ್ನು ನಿಲ್ಲಿಸುವ ಶಕ್ತಿ ಇರಲಿಲ್ಲ. ಆ ದುರಂತದ ನಂತರ ಅಂತರರಾಷ್ಟ್ರೀಯ ಬ್ರ್ಯಾಂಡ್‌ಗಳು ಮತ್ತು ಕಾರ್ಮಿಕ ಸಂಘಗಳ ನಡುವೆ ಏರ್ಪಟ್ಟ ಒಪ್ಪಂದದಲ್ಲಿ, ಕಾರ್ಮಿಕರು ಸುರಕ್ಷತೆಯ ದೂರನ್ನು ಕಾರ್ಖಾನೆಯ ಆಡಳಿತವನ್ನು ದಾಟಿ ನೇರವಾಗಿ ಹೊರಗಿನ ಸಂಸ್ಥೆಗೆ, ಹೆಸರನ್ನು ಗುಟ್ಟಾಗಿಟ್ಟು ಸಲ್ಲಿಸುವ ವ್ಯವಸ್ಥೆ ಬಂದಿತು. ನಮ್ಮ ಆ್ಯಪಿನಲ್ಲಿ ಇಂಥದ್ದೇ ಒಂದು ದಾರಿ ಬೇಕೆಂದು ನಾನು ಕೇಳಿದೆ: ದೂರು ಸುರಕ್ಷತೆಯದಾದರೆ ಅದು ಸೂಪರ್‌ವೈಸರ್, ಮೇಂಟೆನೆನ್ಸ್ ಮುಖ್ಯಸ್ಥರೊಂದಿಗೆ ಸುರಕ್ಷತಾ ಸಮಿತಿಯ ಕಾರ್ಮಿಕ ಸದಸ್ಯರಿಗೂ ಅದೇ ಕ್ಷಣದಲ್ಲಿ ತಲುಪಬೇಕು. ತಾಂತ್ರಿಕವಾಗಿ ಇದು ಸುಲಭವೆಂದು ಕಂಪನಿಯೇ ಒಪ್ಪಿತು. ತಡವಾದದ್ದು ನಮ್ಮ ಕಡೆಯ ಅನುಮತಿಯಿಂದ.

ಭಾಷೆಯ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ಕನ್ನಡದ ಪರದೆ ಇದೆ, ಅಕ್ಷರ ಚೆನ್ನಾಗಿ ಕಾಣುತ್ತದೆ. ಹಿಂದಿ ಮತ್ತು ಒಡಿಯಾ ಬೇಕಾಗಿದೆ, ಏಕೆಂದರೆ ಹಾಸ್ಟೆಲ್‌ಗಳಲ್ಲಿರುವ ಹೊರರಾಜ್ಯದ ಹೆಣ್ಣುಮಕ್ಕಳ ಸಂಖ್ಯೆ ಪೀಣ್ಯದಲ್ಲಿ ಹೆಚ್ಚುತ್ತಿದೆ. ಚಿತ್ರಗಳನ್ನು ಮುಟ್ಟಿ ದೂರು ಆರಿಸುವ ಹೊಸ ಪರದೆ ಎಲ್ಲರಿಗೂ ಸುಲಭವಾಗಿದೆ. ಗ್ರಾಹಕ ಸೇವೆಯವರು ಫೋನ್ ಎತ್ತುತ್ತಾರೆ, ಸೌಜನ್ಯದಿಂದ ಮಾತನಾಡುತ್ತಾರೆ. ಇಂಟರ್ನೆಟ್ ಹೋದಾಗ ದೂರು ಟ್ಯಾಬ್‌ನಲ್ಲೇ ಉಳಿದು ಆಮೇಲೆ ಹೋಗುತ್ತದೆ, ಮತ್ತು ಅದರ ಜೊತೆ ಮೊದಲು ಬರೆದ ಸಮಯವೇ ಹೋಗುತ್ತದೆ. ಟೈಲರ್‌ನ ನಿಮಿಷಗಳು ಕಳೆದುಹೋಗದಂತೆ ನೋಡಿಕೊಂಡ ಈ ಜಾಗ್ರತೆಯನ್ನು ಮನಸಾರೆ ಮೆಚ್ಚುತ್ತೇನೆ.

ನನ್ನ ಶಿಫಾರಸು ಹೀಗಿದೆ. ಮಷಿನ್ ಬ್ರೇಕ್‌ಡೌನ್‌ಗಾಗಿ ಮಾತ್ರ ಕೊಳ್ಳುವುದಾದರೆ ಈ ಬಗೆಯ ಆ್ಯಪ್ ಇದ್ದ ಹಾಗೆಯೇ ಒಳ್ಳೆಯದು. ಕಾರ್ಖಾನೆಯ ಎಲ್ಲ ರಿಪೇರಿಗಳನ್ನೂ ಅದರೊಳಗೆ ತರುವುದಾದರೆ ಸಹಿ ಹಾಕುವ ಮೊದಲು ಎಚ್‌ಆರ್ ವಿಭಾಗವನ್ನೂ ಕಾರ್ಮಿಕ ಪ್ರತಿನಿಧಿಗಳನ್ನೂ ಡೆಮೊಗೆ ಕೂರಿಸಬೇಕು. ಡೆಮೊ ನಡೆಯಬೇಕಾದ ಜಾಗ ಕಾನ್ಫರೆನ್ಸ್ ಹಾಲ್ ಅಲ್ಲ, ಫ್ಲೋರ್. ದೂರು ಹಾಕಬೇಕಾದವರು ಮ್ಯಾನೇಜರ್ ಅಲ್ಲ, ಹೆಲ್ಪರ್ ಅಥವಾ ಹೌಸ್‌ಕೀಪಿಂಗ್‌ನವರು. ಅವರು ಲಾಗಿನ್ ಇಲ್ಲದೆ ದೂರು ಹಾಕಬಲ್ಲರೇ, ಮುಗಿದಿಲ್ಲದ ಕೆಲಸವನ್ನು ಮುಗಿದಿಲ್ಲವೆಂದು ಹೇಳಬಲ್ಲರೇ, ಹಳೆಯ ದೂರು ಅದೇ ಸಂಖ್ಯೆಯಲ್ಲಿ ಮರಳಿ ತೆರೆಯುತ್ತದೆಯೇ ಎಂಬುದನ್ನು ಅಲ್ಲಿಯೇ ಮಾಡಿ ನೋಡಬೇಕು.

ನಮ್ಮಲ್ಲಿ ಈ ವರ್ಷದ ನವೀಕರಣದ ಒಪ್ಪಂದಕ್ಕೆ ನಾಲ್ಕು ಷರತ್ತುಗಳನ್ನು ಸೇರಿಸಿದ್ದೇವೆ. ಪ್ರತಿ ಫ್ಲೋರ್‌ನ ನೀರಿನ ತಾಣದ ಬಳಿ ಎಲ್ಲರಿಗೂ ತೆರೆದಿರುವ ಒಂದು ಟ್ಯಾಬ್ ಇರುತ್ತದೆ. ಫ್ಯಾನು, ಬಾಗಿಲು, ನಲ್ಲಿಗಳಿಗೂ ಸ್ಟಿಕರ್ ನಂಬರ್ ಬರುತ್ತದೆ. ಮುಂಚಿತವಾಗಿ ಮಾಡಿದ ನಿರ್ವಹಣೆಯ ಕೆಲಸ ಮೆಕ್ಯಾನಿಕ್‌ಗಳ ಲೆಕ್ಕಕ್ಕೆ ಸೇರುತ್ತದೆ. ಸೌಕರ್ಯ ಮತ್ತು ಸುರಕ್ಷತೆಯ ದೂರುಗಳು ದೂರು ಕೊಟ್ಟವರು ಅಥವಾ ಆ ಫ್ಲೋರ್‌ನ ಕಾರ್ಮಿಕ ಪ್ರತಿನಿಧಿ ಒಪ್ಪಿದ ಮೇಲೆ ಮಾತ್ರ ಮುಚ್ಚುತ್ತವೆ. ಮೊದಲ ಮೂರಕ್ಕೆ ಕಂಪನಿಯೂ ಆಡಳಿತವೂ ಒಪ್ಪಿವೆ. ನಾಲ್ಕನೆಯದನ್ನು ಒಂದು ಫ್ಲೋರ್‌ನಲ್ಲಿ ಪ್ರಾಯೋಗಿಕವಾಗಿ ಜಾರಿಗೆ ತರಲಾಗಿದೆ. ಅಲ್ಲಿ ವರದಿಯ ಹಸಿರು ಸಾಲುಗಳು ಕಡಿಮೆಯಾಗಿವೆ ಎಂದು ಮೇಂಟೆನೆನ್ಸ್ ಮುಖ್ಯಸ್ಥರು ಆಕ್ಷೇಪ ಎತ್ತಿದ್ದಾರೆ. ಉಳಿದ ಫ್ಲೋರ್‌ಗಳಿಗೂ ಅದನ್ನು ವಿಸ್ತರಿಸಬೇಕೆಂದು ನಾನು ಲಿಖಿತವಾಗಿ ಕೋರಿದ್ದೇನೆ.